ಸೊನ್ನೆ ಪಾಯಿಂಟ್ ನಾಲ್ಕು

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ಈಗಲೂ ಮೈ ಉರಿಯುತ್ತದೆ. ಸುಳ್ಳು ಹೇಳುವುದಿಲ್ಲ, ಒಪ್ಪಿದೆ. ಕೇಳದೆ ಇದ್ದದ್ದನ್ನೂ ಹೇಳುವುದಿಲ್ಲ. ಅದರ ಮುಂದೆ ವರ್ಷಗಟ್ಟಲೆ ಕೂತು ಅದಕ್ಕೆ ಮೇವು ಹಾಕಿದವಳು ನಾನು. ಹಾಕಿದ್ದನ್ನೇ ಮೆಲುಕು ಹಾಕಿ ಹೊರಗೆ ಬಿಡುತ್ತದೆ, ಅಷ್ಟೇ. ಅದನ್ನು ಭವಿಷ್ಯ ಎಂದು ಕರೆದವರು ಮನುಷ್ಯರು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತಿದು. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯನ್ನು ಬಾಡಿಗೆಗೆ ಹಿಡಿದು ಒಂದು ಕಚೇರಿ ತೆರೆದಿದ್ದರು. ಹೊಳೆಗೆ ದೊಡ್ಡ ನೀರು ಬಂದರೆ ಕೊಳ್ಳೇಗಾಲ, ಯಳಂದೂರು ಕಡೆಯ ಯಾವ ಊರಿಗೆ ಎಷ್ಟು ಆಳ ನೀರು ನುಗ್ಗುತ್ತದೆ, ಎಷ್ಟು ಜನ ಸಾಯುತ್ತಾರೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವ ಕೆಲಸ. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕಲಿತಿದ್ದೆ. ಮದುವೆಯಾಗಿ ಹನೂರಿನಾಚೆ ಬೆಟ್ಟದ ತಪ್ಪಲಿನ ಹಳ್ಳಿಗೆ ಸೇರಿದ್ದೆ. ದಿನವೂ ಬಸ್ಸು ಹತ್ತಿ ಬಂದು, ಆ ಮಹಡಿಯಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ತಣ್ಣನೆಯ ಕೋಣೆಗೆ ಹೋಗಿ ಕೂರುತ್ತಿದ್ದೆ. ಕಂಪ್ಯೂಟರಿಗೆ ಧೂಳಾಗುತ್ತದೆ ಎಂದು ಚಪ್ಪಲಿ ಹೊರಗೆ. ಗುಡಿಗೂ ಅಷ್ಟು ಮಡಿ ಇರಲಿಲ್ಲ.

ಅಲ್ಲಿನ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ದೊಡ್ಡ ಊರಿನವರು, ಓದಿಕೊಂಡವರು, ಮಾತು ಮೆತ್ತಗೆ. ಬೈದವರಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪ್ರತಿ ಊರಿಗೂ ನಾನು ಒಂದು ಸಾಲು ತುಂಬಬೇಕಿತ್ತು. ಎಷ್ಟು ಜನ, ಎಷ್ಟು ಮನೆ, ಹೊಳೆಯಿಂದ ಎಷ್ಟು ಎತ್ತರ. ಎಚ್ಚರಿಕೆ ತಲುಪಿತೇ, ಹೌದೋ ಇಲ್ಲವೋ. ತಲುಪಿದ್ದರೆ ನೀರಿಗಿಂತ ಎಷ್ಟು ಹೊತ್ತು ಮುಂಚೆ. ಜನ ಹೋಗಿ ಸೇರಿಕೊಳ್ಳುವ ಎತ್ತರದ ಜಾಗ ಯಾವುದು. ಇಷ್ಟು ಹಾಕಿ ಒತ್ತಿದರೆ ಪರದೆಯ ಮೇಲೆ ನೀಲಿ ಬಣ್ಣ ಹೊಳೆಯಿಂದ ಎದ್ದು ಗದ್ದೆಗೆ, ಗದ್ದೆಯಿಂದ ಬೀದಿಗೆ ಹರಿಯುತ್ತಿತ್ತು. ಮನೆಗಳ ಚುಕ್ಕಿಯಿಂದ ಜನರ ಚುಕ್ಕಿ ಹೊರಟು ಹಸಿರು ಗುರುತಿನ ಕಡೆಗೆ ತೆವಳುತ್ತಿತ್ತು. ಹಸಿರು ಮುಟ್ಟಿದ ಚುಕ್ಕಿ ಬದುಕಿತು. ಮುಟ್ಟದ್ದು ಸತ್ತಿತು. ಸಾಲಿನ ಕೊನೆಯ ಮನೆಯಲ್ಲಿ, ಎಂದರೆ ಪರದೆಯ ಮೇಲಿನ ಕೊನೆಯ ಚೌಕದಲ್ಲಿ, ಸತ್ತವರ ಸಂಖ್ಯೆ ತಾನಾಗಿ ಬಂದು ಕೂರುತ್ತಿತ್ತು.

ನನ್ನ ತವರೂರು ಹೊಳೆದಂಡೆಯದು. ಅದರ ಸಾಲನ್ನೂ ನಾನೇ ತುಂಬಿದೆ. ಊರಿಗೆ ಎತ್ತರದ ಜಾಗ ಎಂದರೆ ಒಂದೇ, ದಿಬ್ಬದ ಮೇಲಿನ ದೇವರ ಗುಡಿಯ ಮಂಟಪ. ಶಾಲೆ ಇರುವುದು ತಗ್ಗಿನಲ್ಲಿ. ಸಾಹೇಬರು ನಕ್ಷೆಯ ಎತ್ತರ ನೋಡಿ ಮಂಟಪಕ್ಕೆ ಹಸಿರು ಗುರುತು ಹಾಕಿಸಿದರು. ಹಗಲಿನ ಹೊತ್ತು, ಎಚ್ಚರಿಕೆ ತಲುಪಿದೆ ಎಂದು ಹಾಕಿ ಒತ್ತಿದೆ. ಕೊನೆಯ ಮನೆಯಲ್ಲಿ ಸೊನ್ನೆ ಪಾಯಿಂಟ್ ನಾಲ್ಕು ಎಂದು ಬಂತು.

ನನಗೆ ನಗು ಬಂತು. ಅರ್ಧ ಮನುಷ್ಯನೂ ಅಲ್ಲ, ಅದಕ್ಕಿಂತ ಕಡಿಮೆ ಸಾಯುವುದು ಹೇಗೆ ಸಾ ಎಂದು ಕೇಳಿದೆ. ಅವರೂ ನಕ್ಕರು. ಇದೇ ನೀರು ಹತ್ತು ಸಲ ಬಂದರೆ ಎಲ್ಲೋ ನಾಲ್ಕು ಸಲ ಒಬ್ಬೊಬ್ಬರು ಸಾಯಬಹುದು ಎಂದು ಅರ್ಥ, ವರದಿಯಲ್ಲಿ ಸೊನ್ನೆ ಎಂದೇ ಬರೆಯುತ್ತೇವೆ, ಅರ್ಧಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡುವುದು ಪದ್ಧತಿ ಎಂದರು. ನಮ್ಮೂರು ಉಳಿಯಿತಲ್ಲ ಎಂದು ನನಗೆ ಸಂತೋಷವೇ ಆಯಿತು. ಮುಂದಿನ ಊರಿನ ಸಾಲಿಗೆ ಹೋದೆ.

ಆಗ ನಾನು ಬಸುರಿ. ಹೊಟ್ಟೆ ಎದ್ದು ಕಾಣುತ್ತಿತ್ತು. ಚೊಚ್ಚಲ ಹೆರಿಗೆ ಎಲ್ಲಿಯಮ್ಮಾ ಎಂದು ಸಾಹೇಬರು ಒಂದು ದಿನ ಕೇಳಿದರು. ತವರಿನಲ್ಲಿ ಸಾ ಎಂದೆ. ಹಾಗಾದರೆ ಹನೂರು ಕಡೆ ಒಬ್ಬರನ್ನು ಕಳೆದು ಹೊಳೆ ಕಡೆ ಒಬ್ಬರನ್ನು ಕೂಡಬೇಕು ಎಂದು ತಮಾಷೆ ಮಾಡಿದರು. ನಾನೂ ಬಿಡಲಿಲ್ಲ. ಎರಡು ಕೂಡಬೇಕು ಸಾ ಎಂದೆ. ಎರಡನೆಯದು ಇನ್ನೂ ಜನಗಣತಿಯಲ್ಲಿ ಇಲ್ಲವಲ್ಲಮ್ಮ ಎಂದರು.

ಆದರೂ ನನಗೆ ಒಂದು ಮಾತು ಕೊರೆಯುತ್ತಿತ್ತು. ಹೊಳೆ ಬರುವುದೇ ಆಷಾಢ ಶ್ರಾವಣದಲ್ಲಿ. ಆ ಕಾಲಕ್ಕೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿನಲ್ಲಿರುತ್ತಾರೆ. ಪ್ರತಿ ಬೀದಿಯಲ್ಲೂ ಒಬ್ಬ ಬಸುರಿ, ಒಬ್ಬ ಬಾಣಂತಿ. ಪಟ್ಟಿಯಲ್ಲಿ ಮಾತ್ರ ಅವರು ಗಂಡನ ಊರಿನಲ್ಲಿ. ಇದನ್ನು ಹೇಳಿದೆ. ಸಾಹೇಬರು ತಾಳ್ಮೆಯಿಂದ ಕೇಳಿದರು.

"ನೋಡಮ್ಮ, ಊರಿಂದ ಹೋದವರು ಎಷ್ಟೋ, ಊರಿಗೆ ಬಂದವರೂ ಅಷ್ಟೇ. ಹೋದವಳಿಗೆ ಬಂದವಳು ಸರಿಹೋಗುತ್ತಾಳೆ."

ಲೆಕ್ಕ ಸರಿಯಾಗಿತ್ತು. ಹಾಳಾದ ಲೆಕ್ಕ, ಅದು ಯಾವತ್ತೂ ಸರಿಯಾಗಿಯೇ ಇರುತ್ತದೆ. ಬಾಣಂತಿ ಅಷ್ಟು ಸುಲಭಕ್ಕೆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ ಸಾ ಎಂದೆ. ನೀರು ಬಂದರೆ ಯಾರಾದರೂ ಬರುತ್ತಾರೆ ಎಂದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆಯನ್ನೂ ಸೇರಿಸಿ ನಕ್ಕರು. 

ಆಷಾಢದಲ್ಲೇ ಹೆತ್ತೆ. ಗಂಡು ಕೂಸು. ಆಸ್ಪತ್ರೆಯಿಂದ ಬಂದ ದಿನವೇ ಅವ್ವ ನನ್ನನ್ನು ಹಿಂದಿನ ಕೋಣೆಗೆ ಹಾಕಿ ಕಿಟಕಿಗೆ ಗೋಣಿಚೀಲ ಬಡಿದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ. ಮೆಣಸಿನ ಸಾರು, ಬೆಳ್ಳುಳ್ಳಿ, ಕುಡಿಯಲು ಒಂದು ಲೋಟ ಬಿಸಿನೀರಿಗೂ ಪಡಿಪಾಟಲು. ಗಾಳಿ ತಾಕಬಾರದು ಎಂಬುದೊಂದೇ ಅವಳ ವೇದ. ಅವಳು ಹೊಸಿಲಲ್ಲಿ ಕೂತಳೆಂದರೆ ಸೊಳ್ಳೆಯೂ ಒಳಗೆ ಬರುವ ಹಾಗಿರಲಿಲ್ಲ. ನನಗೆ ಉಸಿರು ಕಟ್ಟುತ್ತಿತ್ತು, ರೇಗುತ್ತಿತ್ತು. ಕೂಸಿಗೆ ಅದೇ ಹಿತವಾಗಿತ್ತು. ಹಾಲು ಕುಡಿದು, ಹೊಗೆಯ ವಾಸನೆಯಲ್ಲಿ ಮೈಬಿಟ್ಟು ನಿದ್ದೆ ಮಾಡುತ್ತಿತ್ತು. ಅಂಗೈಯಷ್ಟು ಮುಖ. ಇನ್ನೂ ಹೆಸರಿಟ್ಟಿರಲಿಲ್ಲ. ಹೆರಿಗೆಯಾದ ಮನೆಗೆ ಅಂಟುವ ಮೈಲಿಗೆಗೆ ಪುರುಡು ಎನ್ನುತ್ತೇವೆ. ಅದು ಕಳೆದು, ಮನೆ ತೊಳೆದು, ಮೈಗೆ ನೀರು ಹಾಕಿಕೊಂಡ ಮೇಲೆಯೇ ಹೆಸರು. ಅಲ್ಲಿಯವರೆಗೆ ಬಾಣಂತಿ ದೇವರ ಹತ್ತಿರ ಸುಳಿಯುವಂತಿಲ್ಲ.

ನಮ್ಮ ಕಡೆಯ ಪ್ರವಾಹಕ್ಕೆ ನಮ್ಮ ಮಳೆ ಬೇಕಿಲ್ಲ. ಮೇಲೆಲ್ಲೋ ಮಳೆ ಸುರಿಯುತ್ತದೆ, ಕಟ್ಟೆ ತುಂಬುತ್ತದೆ, ಬಾಗಿಲು ತೆಗೆಯುತ್ತಾರೆ. ನಮಗೆ ಬರಿ ಗಾಳಿ, ಮೇಲೊಂದಿಷ್ಟು ಜಿಟಿಜಿಟಿ. ಅವತ್ತೂ ಹಾಗೆಯೇ. ಬೆಳಗ್ಗೆ ಹೊತ್ತೇರುವ ಮೊದಲೇ ಜೀಪು ಬಂದು ಮೈಕಿನಲ್ಲಿ ಕೂಗಿತು. ಸಂಜೆಯ ಹೊತ್ತಿಗೆ ನೀರು ಊರೊಳಗೆ ಬರಬಹುದು, ಎಲ್ಲರೂ ದಿಬ್ಬಕ್ಕೆ ಹೋಗಿ ಎಂದು. ನಾನು ಕತ್ತಲ ಕೋಣೆಯಲ್ಲಿ ಮಲಗಿ ಅದನ್ನು ಕೇಳಿಸಿಕೊಂಡೆ. ಎಚ್ಚರಿಕೆ ತಲುಪಿದೆ, ಹೌದು. ಹಗಲು. ಬೇಕಾದಷ್ಟು ಹೊತ್ತು ಇದೆ. ಹಾಕಿದ ಸಾಲಿನಂತೆಯೇ ಎಲ್ಲವೂ ನಡೆಯುತ್ತಿತ್ತು.

ಅಪ್ಪ ಎಮ್ಮೆಗಳನ್ನು ಹೊಡೆದುಕೊಂಡು ಮೊದಲು ಹೋದ. ಬೀದಿಯವರು ಪಾತ್ರೆ, ರಾಗಿ ಮೂಟೆ, ಕೋಳಿ ಹೊತ್ತು ಹೊರಟರು. ಅವ್ವ ಮಾತ್ರ ಒಲೆಗೆ ಸೌದೆ ತುಂಬುತ್ತಾ ಕೂತಿದ್ದಳು. ಹೋಗೋಣ ಎಂದರೆ ಕಿವಿಯೇ ಇಲ್ಲದವಳ ಹಾಗೆ.

"ನಾನು ನೋಡ್ದೆ ಇರೊ ನೀರಾ? ಮೆಟ್ಲ್ ತಾವಕ್ಕೆ ಬಂದು ಓಯ್ತದೆ. ಈ ಗಾಳೀಲಿ ಆಚ್ಕೆ ತಗುದ್ರೆ ಕೂಸು ಉಳಿದಾ?" ಎಂದಳು.

ನಾನು ಪರದೆಯ ಮೇಲೆ ನಮ್ಮ ಬೀದಿ ಮುಳುಗಿದ್ದನ್ನು ಕಂಡವಳು. ಸೊಂಟದವರೆಗೆ ನೀರು ಬರುತ್ತದೆ ಎಂದೆ. ಯಾರು ಹೇಳಿದರು ಎಂದಳು. ಕಂಪ್ಯೂಟರ್ ಎಂದೆ. ಅವ್ವ ನನ್ನ ಮುಖ ನೋಡಿದ ರೀತಿಯನ್ನು ನಾನು ಮರೆತಿಲ್ಲ. ಓದಿಸಿದ್ದು ದಂಡ ಎನ್ನುವ ನೋಟ ಅದು. ಮಧ್ಯಾಹ್ನದವರೆಗೆ ಹಾವು ಮುಂಗುಸಿಯ ಹಾಗೆ ಕಿತ್ತಾಡಿದೆವು. ಹಿತ್ತಲಿನ ಬಾಳೆಯ ಬುಡಕ್ಕೆ ನೀರು ಬಂದಾಗ ನಾನು ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಎದ್ದು ನಿಂತೆ.  ನೀನು ಬಾರದಿದ್ದರೆ ಬಿಡು, ನಾನು ಹೋಗುತ್ತೇನೆ ಎಂದೆ. ಅವಳು ಶಾಪ ಹಾಕುತ್ತಲೇ ಹಿಂದೆ ಬಂದಳು.

ದಿಬ್ಬ ಹತ್ತುವಾಗ ಗಾಳಿ ಎದುರಿಗೆ ಬೀಸಿ ನಿಲ್ಲಲು ಬಿಡಲಿಲ್ಲ. ಮಂಟಪದಲ್ಲಿ ಜನ ಆಗಲೇ ತುಂಬಿದ್ದರು. ಮೂರು ಕಡೆ ಗೋಡೆ, ಮೇಲೆ ಕಲ್ಲಿನ ಸೂರು, ಒಳಗೆ ಒಲೆಯನ್ನೂ ಹೂಡಿದ್ದರು. ನನ್ನನ್ನು ಕಂಡು ಹೆಂಗಸರು ಮೂಲೆಯಲ್ಲಿ ಜಾಗ ಬಿಟ್ಟರು. ಇದನ್ನು ನಾನು ಒತ್ತಿ ಹೇಳಬೇಕು. ಜಾಗ ಬಿಟ್ಟರು. ಬೇಡ ಎಂದವರು ಅವರಲ್ಲ. ನಾನು ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಹಿಂದಿನಿಂದ ಅವ್ವ ರಟ್ಟೆ ಹಿಡಿದಳು.

"ಪುರುಡು ಕಳ್ದಿಲ್ಲ ಕಣವ್ವ. ದೇವ್ರ ಮೆಟ್ಲು ತುಳಿಬ್ಯಾಡ."

ಮೊದಲು ನನಗೆ ಅರ್ಥವೇ ಆಗಲಿಲ್ಲ. ಮನೆಯಲ್ಲಿ ಗಾಳಿ ಗಾಳಿ ಎಂದು ಬಡಿದುಕೊಂಡ ಇದೇ ಹೆಂಗಸು ಈಗ ಗಾಳಿಯಲ್ಲೇ ನಿಲ್ಲು ಎನ್ನುತ್ತಿದ್ದಾಳೆ. ಕೂಸು ತಣ್ಣಗಾಗುತ್ತಾ ಇದೆ ಎಂದೆ. ದೇವರ ಕೋಪ ತಟ್ಟಿದರೆ ಅದೂ ಇರುವುದಿಲ್ಲ ಎಂದಳು. ಅವಳ ಕಣ್ಣಲ್ಲಿ ಮೊಂಡುತನ ಇರಲಿಲ್ಲ, ಬರೀ ಹೆದರಿಕೆ. ಅದನ್ನು ಆಗ ನೋಡುವ ಸಹನೆ ನನಗಿರಲಿಲ್ಲ, ಈಗಲೂ ಬಹಳ ಇಲ್ಲ.

ಊರಿನ ಯಜಮಾನಿಕೆ ನನ್ನ ದೊಡ್ಡಪ್ಪನದು. ಅವನು ಮಂಟಪದ ಬಾಯಲ್ಲೇ ಬೀಡಿ ಸೇದುತ್ತಾ ಕೂತಿದ್ದ. ನೀನಾದರೂ ಒಂದು ಮಾತು ಹೇಳು ಎಂದು ಎಲ್ಲರ ಎದುರಿಗೆ ಕೂಗಿದೆ. ಅವನು ಹೊಳೆಯ ಕಡೆ ಮುಖ ತಿರುಗಿಸಿದ.

"ನಿಮ್ಮವ್ವನೆ ಅಂಗಂದ್ ಮ್ಯಾಲೆ ನಾನೇನವ್ವ ಏಳದು?"

ಇಷ್ಟೇ ಅವನ ಯಜಮಾನಿಕೆ. ಹಬ್ಬಕ್ಕೆ ಕಡಿಯುವ ಮರಿಗೆ ಯಾರು ಎಷ್ಟು ದುಡ್ಡು ಹಾಕಬೇಕು ಎಂದು ಊರನ್ನೇ ನಡುಗಿಸುವ ಬಾಯಿ. ಅವತ್ತು ಬಿದ್ದುಹೋಗಿತ್ತು. ಜಾಗ ಬಿಟ್ಟ ಹೆಂಗಸರೂ ಮೆಲ್ಲಗೆ ಕಾಲು ಚಾಚಿಕೊಂಡರು. ತಾಯಿಯೇ ಬೇಡ ಎಂದ ಮೇಲೆ ಆ ಪಾಪ ಅವರಿಗೇಕೆ?

ದಿಬ್ಬದ ಓರೆಯಲ್ಲಿ ಒಂದು ಟ್ರ್ಯಾಕ್ಟರ್ ಟ್ರೈಲರು ನಿಂತಿತ್ತು. ಅದರಲ್ಲಿ ಹುಲ್ಲು ಹಾಸಿ, ಮೇಲೆ ಟಾರ್ಪಾಲು ಕಟ್ಟಿ ನಮ್ಮನ್ನು ಕೂರಿಸಿದರು. ಅಪ್ಪ ಕಟ್ಟಿದ ಹಗ್ಗ ಗಾಳಿಗೆ ಬಿಚ್ಚುತ್ತಿತ್ತು, ಮತ್ತೆ ಕಟ್ಟುತ್ತಿದ್ದ. ಟಾರ್ಪಾಲು ಪಟಪಟ ಬಡಿದಾಗಲೆಲ್ಲ ಕೂಸು ಬೆಚ್ಚಿ ಕೈ ಮೇಲೆತ್ತುತ್ತಿತ್ತು. ಅವ್ವ ತನ್ನ ಸೀರೆಯ ಸೆರಗು, ಅಪ್ಪನ ಪಂಚೆ, ಇದ್ದ ಗೋಣಿ ಎಲ್ಲವನ್ನೂ ಅದರ ಮೇಲೆ ಹೊದಿಸಿ, ತಾನು ಗಾಳಿಗೆ ಬೆನ್ನು ಕೊಟ್ಟು ಅಡ್ಡ ಕೂತಳು. ಬೆಳಗಾಗುವವರೆಗೂ ಮಿಸುಕಲಿಲ್ಲ. ಹತ್ತು ಹೆಜ್ಜೆ ಮೇಲೆ ಮಂಟಪದಲ್ಲಿ ಒಲೆಯ ಬೆಳಕು ಕಾಣುತ್ತಿತ್ತು. ನಾವಿಬ್ಬರೂ ಆ ಬೆಳಕನ್ನು ನೋಡಿದೆವು.

ನೀರು ನಮ್ಮ ಜಗಲಿಯ ಮೆಟ್ಟಿಲವರೆಗೆ ಬಂದು, ಹೊಸಿಲು ಮುಟ್ಟದೆ ಮರುದಿನ ಇಳಿಯಿತು. ಹಿಂದಿನ ಕೋಣೆಯಲ್ಲಿ ಮಂಚದ ಕೆಳಗಿನ ಬೂದಿ ಕೂಡ ಒದ್ದೆಯಾಗಿರಲಿಲ್ಲ. ಅವ್ವ ಆ ಬೂದಿಯನ್ನು ಮುಟ್ಟಿ ನೋಡಿ ನನ್ನ ಕಡೆ ತಿರುಗಿದಳು.  ಹೇಳುವುದನ್ನು ಆಮೇಲೆ ಹೇಳಿದಳು, ಬೇಕಾದಷ್ಟು ಹೇಳಿದಳು.

ಕೂಸಿಗೆ ಮೂಗು ಕಟ್ಟಿತು. ಆಮೇಲೆ ಎದೆ. ಹಾಲು ಬಿಟ್ಟಿತು. ಉಸಿರೆಳೆದಾಗ ಪಕ್ಕೆಯ ಮೂಳೆಗಳ ನಡುವೆ ಗುಳಿ ಬೀಳುತ್ತಿತ್ತು. ರಸ್ತೆಯ ಮೇಲೆ ಇನ್ನೂ ಕೆಸರು. ಅಪ್ಪ ಬೈಕೊಂದನ್ನು ಹಿಡಿದು ತಂದ, ಕೊಳ್ಳೇಗಾಲಕ್ಕೆ ಹೋದೆವು. ಆಸ್ಪತ್ರೆಯವರು ಅವರ ಕೈಲಾದದ್ದನ್ನು ಮಾಡಿದರು. ಎರಡು ಹಗಲು ಉಳಿಯಿತು. ಹನೂರು ಕಡೆಯಿಂದ ನನ್ನ ಗಂಡ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನು ಮಗನ ಮುಖವನ್ನು ಕಂಡಿದ್ದೇ ಬಟ್ಟೆ ಸುತ್ತಿದ ಮೇಲೆ. ಹೆಸರಿಲ್ಲದ ಕೂಸಿಗೆ ಮಣ್ಣು ಹಾಕುವಾಗ ಏನೆಂದು ಕರೆದು ಅಳಬೇಕು ಎಂದು ತಿಳಿಯದೆ ನಾನು ಬಾಯಿ ತೆರೆದು ಹಾಗೆಯೇ ನಿಂತಿದ್ದೆ.

ಆಮೇಲೆ ಶುರುವಾಯಿತು. ಮನೆಯಲ್ಲೇ ಇದ್ದಿದ್ದರೆ ಉಳಿಯುತ್ತಿತ್ತು, ನಿನ್ನ ಕಂಪ್ಯೂಟರ್ ತಿಂದಿತು ಎಂದು ಅವ್ವ. ಮಂಟಪದೊಳಕ್ಕೆ ಬಿಟ್ಟಿದ್ದರೆ ಉಳಿಯುತ್ತಿತ್ತು, ನಿನ್ನ ಪುರುಡು ತಿಂದಿತು ಎಂದು ನಾನು. ಇಬ್ಬರ ಮಾತೂ ನಿಜ. ಅದಕ್ಕೇ ಆ ಜಗಳ ತೀರಲಿಲ್ಲ. ಸುಳ್ಳಿನ ಜಗಳವಾಗಿದ್ದರೆ ಯಾರಾದರೂ ಒಬ್ಬರು ಸೋಲುತ್ತಿದ್ದರು. ನಾನು ತವರಿನ ನೀರು ಮುಟ್ಟುವುದಿಲ್ಲ ಎಂದು ಹೇಳಿ ಬಸ್ಸು ಹತ್ತಿದೆ. ಅವ್ವ ಬೀದಿಯ ತುದಿಯವರೆಗೂ ಹಿಂದೆ ಬಂದಳು, ಬೈಯುತ್ತಾ, ಅಳುತ್ತಾ. ನಾನು ಹಿಂದಿರುಗಿ ನೋಡಲಿಲ್ಲ.

ಮೊಲೆಹಾಲು ಇನ್ನೂ ಇಂಗಿರಲಿಲ್ಲ, ಕಚೇರಿಗೆ ಹೋದೆ. ಮನೆಯಲ್ಲಿ ಕೂತರೆ ಅತ್ತೆಯ ನಿಟ್ಟುಸಿರು ಕೇಳಬೇಕಿತ್ತು. ಸಾಹೇಬರು ಎದ್ದು ನಿಂತು ಸಮಾಧಾನ ಹೇಳಿದರು, ಟೀ ತರಿಸಿದರು. ಅವರ ಕಣ್ಣಲ್ಲಿ ನಿಜವಾದ ಮರುಕವಿತ್ತು. ಅದೇ ಮೇಜಿನ ಮೇಲೆ ಹೊಸ ಕಾಗದಗಳಿದ್ದವು. ಬಂದ ನೀರಿಗೂ ಕಂಪ್ಯೂಟರ್ ಹೇಳಿದ್ದಕ್ಕೂ ತಾಳೆ ನೋಡುವ ಕೆಲಸ ನಡೆದಿತ್ತು. ನೀರಿನ ಆಳದಲ್ಲಿ ಸ್ವಲ್ಪ ತಪ್ಪಿದೆ, ಪ್ರಾಣದ ಲೆಕ್ಕ ಮಾತ್ರ ಊರೂರಿಗೂ ಸರಿಯಾಗಿದೆ ಎಂದರು. ನಮ್ಮೂರಿನ ಸಾಲನ್ನು ತಾವೇ ಬೆರಳಿಟ್ಟು ತೋರಿಸಿದರು. ಅಂದಾಜು ಸೊನ್ನೆ. ಆದದ್ದು ಸೊನ್ನೆ.

"ನನ್ನ ಕೂಸು ಸಾ," ಎಂದೆ.

ಅವರು ಕನ್ನಡಕ ತೆಗೆದರು. ಒರೆಸಿದರು. ಅದು ಜ್ವರದಿಂದ ಆದದ್ದಲ್ಲವೇನಮ್ಮ ಎಂದರು. ನೀರಿನಲ್ಲಿ ಅಲ್ಲ, ಊರಿನಲ್ಲೂ ಅಲ್ಲ, ಪ್ರವಾಹ ಇಳಿದ ಮೇಲೆ ಬೇರೆ ಕಡೆ. ನೀವು ಸುರಕ್ಷಿತ ಜಾಗ ತಲುಪಿಬಿಟ್ಟಿದ್ದಿರಲ್ಲ ಎಂದರು. ದಿಬ್ಬ ತಲುಪಿದ್ದೆವು, ಹೌದು. ಹಸಿರು ಗುರುತಿಗೆ ಹತ್ತು ಹೆಜ್ಜೆ ಕಡಿಮೆ. ಆ ಹತ್ತು ಹೆಜ್ಜೆಯನ್ನು ಅವರಿಗೆ ಹೇಗೆ ಹೇಳಲಿ? ಹೇಳಿದೆ. ಪುರುಡು, ಮೆಟ್ಟಿಲು, ಟ್ರೈಲರು ಎಲ್ಲ ಹೇಳಿದೆ. ಅವರು ತಲೆಯಾಡಿಸಿದರು. ನಂಬಿಕೆಗಳಿಗೆ ಈ ಲೆಕ್ಕದ ಮಾದರಿಯಲ್ಲಿ ಜಾಗವಿಲ್ಲಮ್ಮ, ತುಂಬಾ ವ್ಯಥೆಯಾಗುತ್ತೆ ಎಂದರು. ಆಮೇಲೆ ಯಾರೋ ಕರೆದರು, ಹೊರಗೆ ಹೋದರು.

ನಾನು ನನ್ನ ಜಾಗದಲ್ಲಿ ಕೂತು ನಮ್ಮೂರಿನ ಸಾಲು ತೆಗೆದೆ. ಕೊನೆಯ ಮನೆಯಲ್ಲಿ ಅದೇ ಸೊನ್ನೆ ಪಾಯಿಂಟ್ ನಾಲ್ಕು. ಅಳಿಸಿ ಒಂದು ಎಂದು ಒತ್ತಿದೆ. ತೆಗೆದುಕೊಳ್ಳಲಿಲ್ಲ. ಮತ್ತೆ ಒತ್ತಿದೆ, ಟಕ್ ಎಂದು ಸದ್ದು ಮಾಡಿ ಹಿಂದಕ್ಕೆ ತಳ್ಳಿತು. ಅದು ಲೆಕ್ಕದಿಂದ ಬರುವ ಮನೆ, ಅಲ್ಲಿ ಕೈಯಿಂದ ಬರೆಯಲು ಬಿಡುವುದಿಲ್ಲ. ನನಗೇ ಗೊತ್ತಿದ್ದ ವಿಷಯ. ಅಲ್ಲಿ ಒಂದು ಬರಬೇಕಾದರೆ ಹಿಂದಿನ ಮನೆಗಳಲ್ಲಿ ಏನನ್ನಾದರೂ ಬದಲಿಸಬೇಕು.

ಜನಸಂಖ್ಯೆಗೆ ಒಂದು ಕೂಡಿದೆ. ಅಲುಗಲಿಲ್ಲ. ಕೂಸನ್ನು ಸೇರಿಸಿ ಇನ್ನೊಂದು ಕೂಡಿದೆ. ಅದೇ ಸೊನ್ನೆ ಪಾಯಿಂಟ್ ನಾಲ್ಕು. ಎಚ್ಚರಿಕೆಯ ಹೊತ್ತು ಕಡಿಮೆ ಮಾಡಿದೆ. ಸ್ವಲ್ಪವೇ ಏರಿತು, ಅರ್ಧ ದಾಟಲಿಲ್ಲ. ಕೊನೆಗೆ ಎಚ್ಚರಿಕೆ ತಲುಪಿತೇ ಎಂಬಲ್ಲಿ ಇಲ್ಲ ಎಂದು ಹಾಕಿ ಒತ್ತಿದೆ.

ನೀಲಿ ಬಣ್ಣ ಎದ್ದಿತು. ಚುಕ್ಕಿಗಳು ಮನೆಯಿಂದ ಹೊರಟು ಬೀದಿಯಲ್ಲೇ ನಿಂತುಹೋದವು. ದೊಡ್ಡಪ್ಪನ ಮನೆ, ಜಾಗ ಬಿಟ್ಟ ಹೆಂಗಸರ ಮನೆ, ಹಿತ್ತಲಿನ ಬಾಳೆ, ನಮ್ಮ ಜಗಲಿ, ಹಿಂದಿನ ಕೋಣೆ. ಕೊನೆಯ ಮನೆಯಲ್ಲಿ ಒಂದು ಬರಲಿಲ್ಲ. ಹತ್ತಾರು ಬಂತು. ನನ್ನ ಕೂಸನ್ನು ಲೆಕ್ಕಕ್ಕೆ ಹಿಡಿಸಬೇಕಾದರೆ ಊರಿಗೆ ಊರನ್ನೇ ಮುಳುಗಿಸಬೇಕಿತ್ತು, ಗಾಳಿಗೆ ಬೆನ್ನು ಕೊಟ್ಟು ಕೂತ ಅವ್ವನನ್ನೂ ಸೇರಿಸಿ.

ಟೀ ಆರುವಷ್ಟು ಹೊತ್ತು ನಾನು ಅದನ್ನು ಹಾಗೆಯೇ ಬಿಟ್ಟು ನೋಡುತ್ತಾ ಕೂತೆ. ಸಾಯಲಿ ಅನ್ನಿಸಿತು. ಬಾಗಿಲಲ್ಲಿ ಸಾಹೇಬರ ಹೆಜ್ಜೆ ಕೇಳಿದಾಗ ಮತ್ತೆ ಹೌದು ಎಂದು ಒತ್ತಿದೆ. ನೀರು ಇಳಿಯಿತು. ಚುಕ್ಕಿಗಳೆಲ್ಲ ಒಂದೂ ಬಿಡದೆ ಮಂಟಪ ಹತ್ತಿದವು.